ಕಾರ್ಖಾನೆ ಮುಚ್ಚಿದ ಮೇಲೂ ಉಳಿಯುವ ಗ್ರಾಹಕ

2009ರ ಅಕ್ಟೋಬರ್ 15ರಂದು ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಕಂಪನಿಯು ಆ ವರ್ಷದ ಮೂರನೆಯ ತ್ರೈಮಾಸಿಕದ ಫಲಿತಾಂಶವನ್ನು ಪ್ರಕಟಿಸಿತು. ಹಿಂದಿನ ವರ್ಷದ ಅದೇ ಅವಧಿಗೆ ಹೋಲಿಸಿದರೆ ಲಾಭವು ಶೇ. 84ರಷ್ಟು ಕುಸಿದು 2.65 ಕೋಟಿ ಡಾಲರಿಗೆ ಇಳಿದಿತ್ತು. ತನ್ನ ಒಡೆತನದಲ್ಲಿದ್ದ ಬ್ಯೂಯೆಲ್ ಎಂಬ ಸಣ್ಣ ಸ್ಪೋರ್ಟ್ಸ್ ಮೋಟಾರ್‌ಸೈಕಲ್ ಕಂಪನಿಯನ್ನು ಮುಚ್ಚುವುದಾಗಿಯೂ, ಹಿಂದಿನ ವರ್ಷವಷ್ಟೇ ಕೊಂಡಿದ್ದ ಇಟಲಿಯ ಎಂವಿ ಅಗುಸ್ತಾ ಕಂಪನಿಯನ್ನು ಮಾರುವುದಾಗಿಯೂ ಅದೇ ದಿನ ತಿಳಿಸಿತು. ವಿಸ್ಕಾನ್ಸಿನ್ ರಾಜ್ಯದ ಈಸ್ಟ್ ಟ್ರಾಯ್ ಎಂಬ ಪುಟ್ಟ ಊರಿನಲ್ಲಿದ್ದ ಬ್ಯೂಯೆಲ್ ಕಾರ್ಖಾನೆಯಲ್ಲಿ ಆಗ ಸುಮಾರು 180 ಮಂದಿ ಕೆಲಸ ಮಾಡುತ್ತಿದ್ದರು. ಸಂಸ್ಥಾಪಕ ಎರಿಕ್ ಬ್ಯೂಯೆಲ್ ಅವರು ಗ್ರಾಹಕರನ್ನೂ ನೌಕರರನ್ನೂ ಉದ್ದೇಶಿಸಿ ಮಾತನಾಡಿದ ಚಿತ್ರಮುದ್ರಿಕೆಯಲ್ಲಿ ಅವರ ಕಂಠ ಬಿಗಿದದ್ದನ್ನು ಜಗತ್ತೆಲ್ಲ ನೋಡಿತು.

ಈ ಹಳೆಯ ಸಂಗತಿಯನ್ನು ನಮ್ಮ ಪತ್ರಿಕೆಯ ಪುಟಗಳಲ್ಲಿ ಈಗ ಏಕೆ ಕೆದಕಬೇಕು ಎಂದು ಓದುಗ ಮಿತ್ರರು ಕೇಳಬಹುದು. ಕಾರಣವಿದೆ. ಆ ಕಂಪನಿಯ ಅಭಿಮಾನಿಗಳು ಅಂದು ವ್ಯಕ್ತಪಡಿಸಿದ ದುಃಖ ಮತ್ತು ಸಿಟ್ಟುಗಳ ಒಳಗೆ ಒಂದು ವ್ಯಾಪಾರಿ ಪ್ರಶ್ನೆ ಅಡಗಿತ್ತು. ಅದು ಬಿಡಿಭಾಗಗಳನ್ನು ತಯಾರಿಸಿ ಜೀವನ ಸಾಗಿಸುವ ನಮ್ಮಂಥವರಿಗೆ ನೇರವಾಗಿ ಸಂಬಂಧಿಸಿದ್ದು.

ಬ್ಯೂಯೆಲ್ ಅವರು ಮೂಲತಃ ಹಾರ್ಲೆ ಕಂಪನಿಯ ಎಂಜಿನಿಯರ್. ಆ ಉದ್ಯೋಗವನ್ನು ಬಿಟ್ಟು 1983ರಲ್ಲಿ ಸ್ವಂತ ಕಂಪನಿಯನ್ನು ಕಟ್ಟಿದರು. 1993ರಲ್ಲಿ ಹಾರ್ಲೆ ಅದರಲ್ಲಿ ಶೇ. 49ರಷ್ಟು ಪಾಲನ್ನು ಪಡೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ಪೂರ್ಣ ಒಡೆತನವೂ ಅದರದ್ದಾಯಿತು. ಹಾರ್ಲೆಯ ಹಳೆಯ ಮಾದರಿಯ, ಭಾರವಾದ ಎಂಜಿನ್‌ಗಳನ್ನೇ ಬಳಸಿ, ತಿರುವುಗಳಲ್ಲಿ ಚುರುಕಾಗಿ ಓಡುವ ಗಾಡಿಗಳನ್ನು ಮಾಡುವುದು ಅವರ ಹಠವಾಗಿತ್ತು. ಅದಕ್ಕಾಗಿ ಅವರು ಮಾಡಿದ ಏರ್ಪಾಡುಗಳು ವಿಲಕ್ಷಣವಾಗಿದ್ದವು. 2002ರಲ್ಲಿ ಬಂದ ಫೈರ್‌ಬೋಲ್ಟ್ ಮಾದರಿಯಲ್ಲಿ ಪೆಟ್ರೋಲನ್ನು ಚಾಸಿಯ ಚೌಕಟ್ಟಿನ ಒಳಗೇ ತುಂಬಿಸಿದರು. ಎಂಜಿನ್ ಎಣ್ಣೆಯನ್ನು ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನೊಳಗೆ ಇಟ್ಟರು. ಮುಂದಿನ ಬ್ರೇಕ್ ಡಿಸ್ಕನ್ನು ಚಕ್ರದ ನಡುವಿನ ಹಬ್‌ಗೆ ಕೂರಿಸುವ ಬದಲು ರಿಮ್ಮಿನ ಅಂಚಿಗೆ ಜೋಡಿಸಿದರು. ಜಾಣ್ಮೆಯ ಕೆಲಸವೇ ಸರಿ. ಆದರೆ ಬೇರೆ ಯಾವ ಕಂಪನಿಯ ಡಿಸ್ಕೂ ಆ ಗಾಡಿಗೆ ಹೊಂದುವುದಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆ ಮಾತು ಮುಂದೆ ಬರುತ್ತದೆ.

ಕಂಪನಿ ಮುಚ್ಚಿದ ಸುದ್ದಿ ಬಂದಾಗ ಅಭಿಮಾನಿಗಳಿಗೆ ಆದ ಆಘಾತಕ್ಕೆ ಇನ್ನೊಂದು ಕಾರಣವೂ ಇತ್ತು. ಕೆಲವೇ ವಾರಗಳ ಹಿಂದೆ, 2009ರ ಅಮೆರಿಕನ್ ಡೇಟೋನಾ ಸ್ಪೋರ್ಟ್‌ಬೈಕ್ ಚಾಂಪಿಯನ್ ಪಟ್ಟವನ್ನು ಡ್ಯಾನಿ ಎಸ್ಲಿಕ್ ಅವರು ಬ್ಯೂಯೆಲ್ 1125ಆರ್ ಗಾಡಿಯ ಮೇಲೆ ಗೆದ್ದಿದ್ದರು. ಗೆದ್ದ ಕುದುರೆಯನ್ನು ಲಾಯದಲ್ಲೇ ಕೊಂದಂತಾಯಿತು ಎಂಬ ಭಾವನೆ ಅವರಲ್ಲಿ ಮೂಡಿದ್ದು ಸಹಜ. ಎಂವಿ ಅಗುಸ್ತಾವನ್ನು ಮಾರಬಹುದಾದರೆ ಬ್ಯೂಯೆಲನ್ನೂ ಏಕೆ ಮಾರಬಾರದು ಎಂದು ಅವರು ಕೇಳಿದರು. ಬ್ಯೂಯೆಲ್ ವ್ಯವಹಾರವು ತನ್ನ ವಿತರಣಾ ವ್ಯವಸ್ಥೆಯೊಂದಿಗೆ ಹೆಣೆದುಕೊಂಡಿದೆ, ಬಿಡಿಸಿ ಮಾರಲಾಗದು ಎಂಬುದು ಹಾರ್ಲೆಯ ನಿಲುವಾಗಿತ್ತು. ಈ ಉತ್ತರ ಯಾರನ್ನೂ ಸಮಾಧಾನಪಡಿಸಲಿಲ್ಲ. ಚರ್ಮದ ಅಂಗಿ, ಹೊಳೆಯುವ ಕ್ರೋಮ್ ಭಾಗಗಳನ್ನು ಮಾರಿ ರೂಢಿಯಾಗಿದ್ದ ಹಾರ್ಲೆ ಮಳಿಗೆಗಳು ಬ್ಯೂಯೆಲನ್ನು ಮೂಲೆಗೆ ತಳ್ಳಿದ್ದವು ಎಂಬ ದೂರು ಹಳೆಯದು. ಅದು ಈಗ ಆಕ್ರೋಶವಾಗಿ ಹೊರಬಂತು. ದಾಸ್ತಾನು ತೀರಿಸಲು ಉಳಿದ ಗಾಡಿಗಳ ಬೆಲೆಯನ್ನು ಇಳಿಸಿದಾಗ ಕೆಲವರು ಕೊಳ್ಳಲು ಧಾವಿಸಿದರೆ, ಕೆಲವು ತಿಂಗಳ ಹಿಂದೆ ಪೂರ್ಣ ಬೆಲೆ ತೆತ್ತವರು ಕೈಹಿಸುಕಿಕೊಂಡರು.

ಈ ಆಕ್ರೋಶ ಪೂರ್ಣವಾಗಿ ನ್ಯಾಯವಾದದ್ದೆಂದು ನನಗೆ ಅನ್ನಿಸುವುದಿಲ್ಲ. 2008ರಲ್ಲಿ ಹಾರ್ಲೆ ಮೂರು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಕಳುಹಿಸಿದ್ದರೆ ಬ್ಯೂಯೆಲ್ ಕಳುಹಿಸಿದ್ದು ಸುಮಾರು 13 ಸಾವಿರ. ಇಪ್ಪತ್ತಾರು ವರ್ಷಗಳ ಒಟ್ಟು ಲೆಕ್ಕ ಒಂದು ಲಕ್ಷ ಮೂವತ್ತು ಸಾವಿರವನ್ನು ದಾಟಿದ್ದು ನಿಜ, ಆದರೆ ದೊಡ್ಡ ಕಂಪನಿಗಳು ಅಷ್ಟನ್ನು ಕೆಲವು ತಿಂಗಳಲ್ಲಿ ಮುಗಿಸುತ್ತವೆ. ಮೆಚ್ಚುವವರು ಸಾವಿರಾರು ಮಂದಿ ಇದ್ದರೂ ಹೊಸ ಗಾಡಿಗೆ ಮುಂಗಡ ಕಟ್ಟುವವರು ಸಾಕಷ್ಟಿರಲಿಲ್ಲ. ನಮ್ಮಲ್ಲಿ ಅಂಗಡಿ ಇಟ್ಟ ಯಾರಿಗಾದರೂ ಈ ವ್ಯತ್ಯಾಸ ಗೊತ್ತು: ಹಬ್ಬದ ದಿನ ಬಂದು ಮಾಲನ್ನು ಮುಟ್ಟಿ ಹೊಗಳಿ ಹೋಗುವವರೇ ಗಿರಾಕಿಗಳಲ್ಲ.

ಆದರೆ ಹಾರ್ಲೆ ಒಂದು ಕೆಲಸವನ್ನು ಸರಿಯಾಗಿ ಮಾಡಿತು. ಮುಚ್ಚುವುದಕ್ಕೇ ಸುಮಾರು 12.5 ಕೋಟಿ ಡಾಲರ್ ಖರ್ಚಾಗುವುದೆಂದು ಮೊದಲೇ ಅಂದಾಜು ಹಾಕಿ ಹೇಳಿತು. ವಾರಂಟಿ ಮುಂದುವರಿಯುತ್ತದೆ, ಬಿಡಿಭಾಗಗಳು ಮತ್ತು ದುರಸ್ತಿ ಹಾರ್ಲೆ ಮಳಿಗೆಗಳಲ್ಲೇ ದೊರೆಯುತ್ತವೆ ಎಂದು ಭರವಸೆ ಕೊಟ್ಟಿತು. ಅದೇ ನವೆಂಬರಿನಲ್ಲಿ ಎರಿಕ್ ಬ್ಯೂಯೆಲ್ ಅವರು ಎರಿಕ್ ಬ್ಯೂಯೆಲ್ ರೇಸಿಂಗ್ ಎಂಬ ಸಣ್ಣ ಸಂಸ್ಥೆಯನ್ನು ತೆರೆದಾಗ, 1125ಆರ್ ಗಾಡಿಯ ಪಂದ್ಯದ ಆವೃತ್ತಿಯನ್ನು ತಯಾರಿಸಲು ಮತ್ತು ಪಂದ್ಯಗಾರರಿಗೆ ಭಾಗಗಳನ್ನು ಒದಗಿಸಲು ಹಾರ್ಲೆಯೇ ಪರವಾನಗಿ ನೀಡಿತು. ಸಿಟ್ಟು ಇಳಿದ ಮೇಲೆ ಅಭಿಮಾನಿಗಳು ಮಾಡಿದ್ದು ಪಟ್ಟಿ ಬರೆಯುವ ಕೆಲಸ. ಹಿಂದಿನ ಚಕ್ರದ ಬೇರಿಂಗ್ ಬೇಗ ಹೋಗುತ್ತದೆ, ಬೆಲ್ಟ್ ಒಂದು ಹೆಚ್ಚಿಗೆ ಇರಲಿ, 1125ರ ಸ್ಟೇಟರ್ ಸುಟ್ಟುಹೋಗುತ್ತದೆ, ಉತ್ತಮವಾಗಿ ಮರುಸುತ್ತಿ ಕೊಡುವವರು ಯಾರು – ಹೀಗೆ. ಬೇರಿಂಗ್ ಎಲ್ಲಾದರೂ ಸಿಕ್ಕೀತು. ರಿಮ್ಮಿನ ಅಂಚಿಗೆ ಕೂರುವ ಆ ಬ್ರೇಕ್ ಡಿಸ್ಕ್ ಎಲ್ಲಿ ಸಿಗಬೇಕು? ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಬ್ಯೂಯೆಲ್ ಭಾಗಗಳನ್ನೇ ನಂಬಿದ ಸಣ್ಣ ವ್ಯಾಪಾರಿಗಳು ಉಳಿದುಕೊಂಡದ್ದು ಈ ಪಟ್ಟಿಯಿಂದಲೇ. ಹೊಸ ಗಾಡಿಯ ಮಾರುಕಟ್ಟೆ ಸತ್ತರೂ ಹಳೆಯ ಗಾಡಿಯ ಮಾರುಕಟ್ಟೆ ಉಸಿರಾಡುತ್ತಲೇ ಇತ್ತು.

ಎರಡನೆಯ ಸಲ ಬಾಗಿಲು ಮುಚ್ಚಿದಾಗ ಕಥೆ ಬೇರೆಯಾಯಿತು. ಎರಿಕ್ ಬ್ಯೂಯೆಲ್ ರೇಸಿಂಗ್‌ನಲ್ಲಿ ನಮ್ಮ ದೇಶದ ಹೀರೋ ಮೋಟೋಕಾರ್ಪ್ 2013ರಲ್ಲಿ 2.5 ಕೋಟಿ ಡಾಲರ್ ತೊಡಗಿಸಿ ಶೇ. 49.2ರಷ್ಟು ಪಾಲನ್ನು ಪಡೆದಿದ್ದನ್ನು ಅನೇಕರು ಬಲ್ಲರು. 2014ರ ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ಆ ಸಹಯೋಗದ ಹೊಸ ಮಾದರಿಗಳ ಪ್ರದರ್ಶನವೂ ನಡೆಯಿತು. 2015ರ ಏಪ್ರಿಲ್‌ನಲ್ಲಿ ಸುಮಾರು 2 ಕೋಟಿ ಡಾಲರಿನ ಹೊಣೆಯೊಂದಿಗೆ ಸಂಸ್ಥೆ ಕೈಚೆಲ್ಲಿತು. ನ್ಯಾಯಾಲಯದ ಮೂಲಕ ಆಸ್ತಿಯ ವಿಲೇವಾರಿ ಆರಂಭವಾಯಿತು. ಹೀರೋ ತನಗೆ ಬೇಕಾದ ತಾಂತ್ರಿಕ ಸಲಹಾ ವಿಭಾಗವನ್ನು 28 ಲಕ್ಷ ಡಾಲರಿಗೆ ಬಿಡಿಸಿಕೊಂಡಿತು. ಉಳಿದದ್ದನ್ನು 2016ರಲ್ಲಿ ಮಿಷಿಗನ್ ರಾಜ್ಯದ ಒಂದು ಹರಾಜು ಸಂಸ್ಥೆ ಕೊಂಡು ಕೆಲಕಾಲ ಉತ್ಪಾದನೆ ನಡೆಸಿ, 2017ರ ಜನವರಿಯಲ್ಲಿ ನಿಲ್ಲಿಸುವುದಾಗಿ ಹೇಳಿತು. ಈ ಬಾರಿ ಹಿಂದೆ ನಿಂತು ಭರವಸೆ ಕೊಡುವ ದೊಡ್ಡಣ್ಣನಿರಲಿಲ್ಲ. ಗಾಡಿ ಕೊಂಡವರು ವಾರಂಟಿಗಾಗಿ ಯಾರ ಮುಖ ನೋಡಬೇಕು? ಮಾಲು ಕಳುಹಿಸಿದ ಸಣ್ಣ ಪೂರೈಕೆದಾರರು ಬಿಲ್ಲನ್ನು ಯಾರಿಗೆ ತೋರಿಸಬೇಕು? ಅಭಿಮಾನಿ ಮತ್ತು ಪೂರೈಕೆದಾರ ಇಬ್ಬರೂ ಒಂದೇ ಸಾಲಿನ ಕೊನೆಯಲ್ಲಿ ನಿಂತಿದ್ದರು.

ಇಂಥದ್ದನ್ನು ತಿಳಿಯಲು ನಾವು ವಿಸ್ಕಾನ್ಸಿನ್ ತನಕ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸತೊಡಗಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿ, 1996ರಲ್ಲಿ ಮುಚ್ಚಿತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಆ ಗಾಡಿಯನ್ನು ಓಡಿಸಿದವರು ಈ ಪತ್ರಿಕೆಯ ಓದುಗರಲ್ಲಿಯೇ ಎಷ್ಟೋ ಮಂದಿ ಇದ್ದಾರೆ. ಕಾರ್ಖಾನೆ ಹೋದ ಮೇಲೂ ಗಾಡಿ ಓಡಿತು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಮಾಲೀಕರು ಒಟ್ಟಿಗೆ ಸೇರುವ ಪದ್ಧತಿಯೂ ಬೆಳೆಯಿತು. ಆ ಪ್ರೀತಿಗೆ ಬೆಲೆ ಇದೆ ಎಂಬುದನ್ನು ಮಾರುಕಟ್ಟೆ ತಡವಾಗಿ ಕಂಡುಕೊಂಡಿತು: ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯು 2018ರಲ್ಲಿ ಜಾವಾ ಹೆಸರನ್ನೂ 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ರಸ್ತೆಗೆ ತಂದಿತು. ಯೆಜ್ಡಿ ಎಂಬ ಹೆಸರು ಯಾರದ್ದು ಎಂಬ ವ್ಯಾಜ್ಯ ನಮ್ಮ ಹೈಕೋರ್ಟಿನ ಮುಂದೆ ಬಂದು, ಅದು ಸಮಾಪನೆಯಲ್ಲಿರುವ ಐಡಿಯಲ್ ಜಾವಾದ ಆಸ್ತಿ ಎಂದು 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ತೀರ್ಪಿತ್ತಿತು. ಅದರ ಮೇಲೆ ಮೇಲ್ಮನವಿಯೂ ಆಯಿತು. ಕಾರ್ಖಾನೆಯ ಯಂತ್ರಗಳು ಗುಜರಿಯಾಗಿ ಕಾಲು ಶತಮಾನ ಕಳೆದ ಮೇಲೂ ಹೆಸರಿಗಾಗಿ ಜಗಳ ನಡೆಯಿತೆಂದರೆ, ಆ ಹೆಸರಿನ ಬೆಲೆಯನ್ನು ಉಳಿಸಿದವರಾರು? ಗಾಡಿಗಳನ್ನು ಚಾಲ್ತಿಯಲ್ಲಿಟ್ಟ ಮಾಲೀಕರು, ಅವರಿಗೆ ಭಾಗಗಳನ್ನು ಒದಗಿಸಿದ ಹೆಸರಿಲ್ಲದ ಲೇತ್ ಕೆಲಸದವರು ಮತ್ತು ಮೆಕ್ಯಾನಿಕ್‌ಗಳು. ಅವರ ಹೆಸರು ಯಾವ ವ್ಯಾಜ್ಯದ ಕಾಗದದಲ್ಲಿಯೂ ಇರಲಾರದು.

ಇಲ್ಲಿ ನನ್ನ ಸ್ವಂತ ಅನುಭವವನ್ನು ಹೇಳುವುದು ಅನುಚಿತವಾಗಲಾರದು. ಪೀಣ್ಯದಲ್ಲಿ ನಾನು ನಡೆಸುವ ಸಣ್ಣ ಘಟಕವು ಬಹಳ ವರ್ಷಗಳ ಕಾಲ ಒಂದು ದ್ವಿಚಕ್ರ ವಾಹನ ಕಂಪನಿಗೆ ರಬ್ಬರ್ ಬುಷ್‌ಗಳನ್ನು ಪೂರೈಸುತ್ತಿತ್ತು. ಆ ಮಾದರಿಯನ್ನು ಕಂಪನಿ ನಿಲ್ಲಿಸಿದಾಗ ನನಗೆ ಬಂದದ್ದು ನಾಲ್ಕು ಸಾಲಿನ ಪತ್ರ. ಡೈಗಳ ಮೇಲೆ ಕಂಪನಿಯ ಮುದ್ರೆ ಇತ್ತು. ಅವು ಅವರ ಸ್ವತ್ತು. ಅವರು ಒಯ್ಯಲಿಲ್ಲ, ನಾನು ಬಳಸುವಂತಿಲ್ಲ, ಗುಜರಿಗೆ ಹಾಕುವಂತೆಯೂ ಇಲ್ಲ. ಹಾಸನ, ದಾವಣಗೆರೆಗಳಿಂದ ಮೆಕ್ಯಾನಿಕ್‌ಗಳು ಹುಡುಕಿಕೊಂಡು ಬಂದು, ‘ಸಾರ್, ನಿಮ್ಮ ಹತ್ತಿರವೇ ಇದೆಯಂತೆ, ನೂರು ಜೊತೆ ಕೊಡಿ’ ಎಂದು ಕೇಳುತ್ತಿದ್ದರು. ಕೈಮುಗಿದು ಕಳುಹಿಸಿದೆ. ಎರಡು ವರ್ಷದೊಳಗೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅದೇ ಬುಷ್ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗತೊಡಗಿತು. ಒಂದನ್ನು ತಂದು ಕೈಯಲ್ಲಿ ಹಿಸುಕಿ ನೋಡಿದೆ. ಮರುಬಳಕೆಯ ರಬ್ಬರ್, ಒಂದು ಮಳೆಗಾಲವನ್ನೂ ತಾಳುವುದಿಲ್ಲ. ಒಳ್ಳೆಯ ಡೈ ನನ್ನ ಕಪಾಟಿನಲ್ಲಿ ತುಕ್ಕು ಹಿಡಿಯುತ್ತಿತ್ತು, ಗ್ರಾಹಕನ ಗಾಡಿ ಕೆಟ್ಟ ಬುಷ್‌ನ ಮೇಲೆ ಓಡುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ದೊಡ್ಡ ಕಂಪನಿಗಳೊಂದಿಗೆ ನಾವು ಮಾಡಿಕೊಳ್ಳುವ ಪೂರೈಕೆ ಕರಾರಿನಲ್ಲಿ ಮಾದರಿ ನಿಂತಾಗ ಏನಾಗಬೇಕೆಂಬುದು ಮೊದಲೇ ಬರೆದಿರಬೇಕು. ಕಂಪನಿಯು ನಿಗದಿತ ಅವಧಿಯೊಳಗೆ ಡೈಗಳನ್ನು ಒಯ್ಯದಿದ್ದರೆ ಅಥವಾ ಬಿಡಿಭಾಗಕ್ಕೆ ಆರ್ಡರ್ ಕೊಡದಿದ್ದರೆ, ಪೂರೈಕೆದಾರನು ಅದೇ ಡೈಯಿಂದ ತನ್ನ ಹೆಸರಿನಲ್ಲಿ ಮಾಲು ತಯಾರಿಸಿ, ಸಣ್ಣ ರಾಯಧನ ಕೊಟ್ಟು, ನೇರವಾಗಿ ಮಾರಲು ಅವಕಾಶವಿರಬೇಕು. ಹಾರ್ಲೆ 2009ರಲ್ಲಿ ಬ್ಯೂಯೆಲ್ ಅವರಿಗೆ ಕೊಟ್ಟ ಪರವಾನಗಿ ಇದೇ ಜಾತಿಯದ್ದು. ಕಾನೂನಿನ ಅಡ್ಡಿ ನಾವು ಭಾವಿಸಿದಷ್ಟು ದೊಡ್ಡದಲ್ಲ. ಇಂಥ ಗಾಡಿಗೆ ಹೊಂದುವ ಭಾಗ ಎಂದು ತಿಳಿಸಲು ಅಗತ್ಯವಿರುವಷ್ಟು ಮಟ್ಟಿಗೆ ಇನ್ನೊಬ್ಬರ ಹೆಸರನ್ನು ಬಳಸಲು 1999ರ ಟ್ರೇಡ್‌ಮಾರ್ಕ್ ಕಾಯಿದೆಯ 30ನೆಯ ಪ್ರಕರಣವೇ ಎಡೆ ಕೊಡುತ್ತದೆ; ಅವರ ಮುದ್ರೆಯನ್ನು ನಮ್ಮ ಮಾಲಿನ ಮೇಲೆ ಒತ್ತುವುದು ಮಾತ್ರ ಅಪರಾಧ. ನೋಂದಾಯಿತ ವಿನ್ಯಾಸದ ರಕ್ಷಣೆಯೂ 2000ದ ಕಾಯಿದೆಯಂತೆ ಹೆಚ್ಚೆಂದರೆ ಹದಿನೈದು ವರ್ಷ. ಕಠಿಣವಾಗಿರುವುದು ಡೈ ಮತ್ತು ನಕ್ಷೆಗಳ ಒಡೆತನದ ವಿಷಯ, ಅದನ್ನು ಬಗೆಹರಿಸಬೇಕಾದದ್ದು ಕರಾರಿನಲ್ಲಿಯೇ.

ಬ್ರೇಕ್, ಸ್ಟಿಯರಿಂಗ್‌ನಂತಹ ಭಾಗಗಳಲ್ಲಿ ಪ್ರಾಣದ ಪ್ರಶ್ನೆ ಇದೆ, ಸಿಕ್ಕಸಿಕ್ಕವರು ತಯಾರಿಸಬಾರದು ಎಂಬ ಆಕ್ಷೇಪ ಬರುತ್ತದೆ. ಒಪ್ಪುತ್ತೇನೆ. ಆದರೆ ಹತ್ತು ವರ್ಷ ಕಂಪನಿಯ ಪರೀಕ್ಷೆಯಲ್ಲಿ ಪಾಸಾದ ತಯಾರಕನನ್ನು ದೂರವಿಟ್ಟು, ಪರೀಕ್ಷೆಯನ್ನೇ ಕಾಣದವನಿಗೆ ದಾರಿ ಬಿಟ್ಟುಕೊಡುವುದು ಸುರಕ್ಷತೆಯಲ್ಲ. ನಮ್ಮ ಬಾಕಿಯ ವಿಷಯದಲ್ಲಿಯೂ ಕನಸು ಕಾಣುವುದು ಬೇಡ. 2006ರ ಸಣ್ಣ ಉದ್ಯಮಗಳ ಕಾಯಿದೆ 45 ದಿನಗಳ ಗಡುವನ್ನು ಹೇಳುತ್ತದೆ, ನಿಜ. ಆದರೆ ಕಂಪನಿ ದಿವಾಳಿಯಾಗಿ ಆಸ್ತಿ ಹಂಚಿಕೆಗೆ ಬಂದಾಗ, 2016ರ ದಿವಾಳಿ ಸಂಹಿತೆಯ ಪ್ರಕಾರ ಭದ್ರತೆ ಪಡೆದ ಬ್ಯಾಂಕುಗಳು ಮತ್ತು ಕಾರ್ಮಿಕರ ಬಾಕಿಯ ಎಷ್ಟೋ ಹಿಂದೆ ನಾವು ನಿಂತಿರುತ್ತೇವೆ. ಆಗ ಕೈಯಲ್ಲಿರುವ ಡೈ ಮತ್ತು ಅದನ್ನು ಬಳಸುವ ಹಕ್ಕು ಇವೆರಡೇ ನಮಗೆ ಉಳಿಯಬಹುದಾದ ಆಸ್ತಿ.

2020ರ ಸೆಪ್ಟೆಂಬರಿನಲ್ಲಿ ಹಾರ್ಲೆ ಭಾರತದಲ್ಲಿ ತಯಾರಿಕೆಯನ್ನು ನಿಲ್ಲಿಸುವುದಾಗಿ ಹೇಳಿದಾಗ ಇಲ್ಲಿಯ ಮಾಲೀಕರು ಕೇಳಿದ ಮೊದಲ ಪ್ರಶ್ನೆಯೂ ಬಿಡಿಭಾಗ ಮತ್ತು ದುರಸ್ತಿಯದ್ದೇ. ಮುಂದಿನ ತಿಂಗಳು ಹೀರೋ ಅದರ ಹೊಣೆ ಹೊತ್ತ ಮೇಲೆಯೇ ಅವರು ನಿಟ್ಟುಸಿರು ಬಿಟ್ಟರು. ಎಲ್ಲ ಗ್ರಾಹಕರಿಗೂ ಅಂಥ ಅದೃಷ್ಟ ಒದಗುವುದಿಲ್ಲ. ನಮ್ಮ ಸಂಸ್ಥೆಯು ಕಾನೂನು ತಜ್ಞರ ನೆರವಿನಿಂದ ಒಂದು ಮಾದರಿ ಕರಾರನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕೆಂದು ವಿನಂತಿಸುತ್ತೇನೆ. ಒಬ್ಬೊಬ್ಬರೇ ಕೇಳಿದರೆ ದೊಡ್ಡ ಕಂಪನಿಯ ಖರೀದಿ ಅಧಿಕಾರಿ ನಗುತ್ತಾನೆ. ನನ್ನನ್ನು ನೋಡಿ ನಕ್ಕಿದ್ದಾನೆ. ಸಂಸ್ಥೆಯ ಮುದ್ರೆಯುಳ್ಳ ಕಾಗದವನ್ನು ಮುಂದಿಟ್ಟರೆ ಓದಿಯಾದರೂ ನೋಡಿಯಾನು. ಸದಸ್ಯರಲ್ಲಿ ಯಾರ ಕಪಾಟಿನಲ್ಲಿ ಇಂಥ ಅನಾಥ ಡೈಗಳಿವೆಯೋ ಅವರು ಅವುಗಳ ಪಟ್ಟಿಯನ್ನೂ ಹಳೆಯ ಪರ್ಚೇಸ್ ಆರ್ಡರ್‌ಗಳ ಪ್ರತಿಯನ್ನೂ ಸಂಸ್ಥೆಯ ಕಚೇರಿಗೆ ತಲುಪಿಸಿದರೆ ಕರಡು ಬರೆಯುವ ಕೆಲಸ ಸುಲಭವಾಗುತ್ತದೆ. ನನ್ನ ಪಟ್ಟಿಯಲ್ಲಿ ಹನ್ನೊಂದು ಡೈಗಳಿವೆ.