ಜೀಪಿನ ವಾಣಿ ಉಡುಗಿದಾಗ

ಯಂತ್ರಗಳ ವಿಚಾರ ಈ ಅಂಕಣದಲ್ಲಿ ಬರುವುದು ವಿರಳ. ಆದರೂ ಸಂಸಾರದ ಬಾಳ್ವೆಗೆ ತಾಕಿದ ಯಾವುದನ್ನೂ ನಾವು ಹೊರಗಿನದೆಂದು ಎಣಿಸಿದವರಲ್ಲ. ಭೋಜ ಗ್ರಾಮದ ಸದ್ಭಕ್ತ ಕುಟುಂಬವೊಂದು ನಮ್ಮ ಮುಂದಿಟ್ಟ ಪ್ರಶ್ನೆಯನ್ನೇ ಈ ತಿಂಗಳು ಎತ್ತಿಕೊಂಡಿದ್ದೇವೆ. ಅವರ ಮನೆಯಲ್ಲಿ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹರಿಯುವ ಹಳೆಯ ಡೀಸೆಲ್ ಜೀಪೊಂದಿದೆ. ಅದರಲ್ಲಿಯ ಸ್ಟೀರಿಯೋ ಪೆಟ್ಟಿಗೆ ಒಮ್ಮೆ ಹಾಡುತ್ತದೆ, ಒಮ್ಮೆ ಕಿರುಚುತ್ತದೆ, ತಗ್ಗಿಗೆ ಗಾಲಿ ಇಳಿದರೆ ಮೂಕವಾಗುತ್ತದೆ. ಕಿತ್ತೊಗೆಯಬೇಕೋ, ದುರಸ್ತಿ ಮಾಡಿಸಬೇಕೋ ಎಂಬುದು ಅವರ ಪ್ರಶ್ನೆ. ಹಾಡಿನ ಪೆಟ್ಟಿಗೆಗೆ ಇಷ್ಟು ಚಿಂತೆಯೇಕೆ ಎಂದು ದೂರದ ಓದುಗರು ಕೇಳಿಯಾರು. ಭೋಜದ ನೆಲವನ್ನು ಬಲ್ಲವರು ಕೇಳಲಾರರು.

ವೇದಗಂಗಾ, ದೂಧಗಂಗಾ ನದಿಗಳು ಒಂದಾಗುವ ಸೀಮೆ ಅದು. ಸಹ್ಯಾದ್ರಿಯ ಮೇಲೆ ಮಳೆ ಹಿಡಿಯಿತೆಂದರೆ ಕಾರದಗಾ–ಭೋಜ ಸೇತುವೆ, ಭೋಜವಾಡಿ–ಕುನ್ನೂರ ಸೇತುವೆ ನೀರಿನಡಿಗೆ ಹೋಗುವುದು ಮಳೆಗಾಲದ ವಾಡಿಕೆಯೇ ಆಗಿದೆ. 2005ರಲ್ಲಿ, 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಬಂದ ಮಹಾಪೂರಗಳನ್ನು ಆ ಭಾಗದ ಜನ ಮರೆತಿಲ್ಲ. 2019 ಮತ್ತು 2021ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯ ಮೇಲೆಯೇ ಹರಿದು, ಬೆಂಗಳೂರು–ಪುಣೆ ಮಾರ್ಗ ನಿಂತುಹೋಗಿತ್ತು. ಅಂಥ ದಿನಗಳಲ್ಲಿ ಮೊದಲು ವಿದ್ಯುತ್ತು ಹೋಗುತ್ತದೆ. ಆಮೇಲೆ ಕೈಯಲ್ಲಿರುವ ಮೊಬೈಲು ಉಸಿರು ಬಿಡುತ್ತದೆ. ಅಂಗಳದಲ್ಲಿ ನಿಂತ ಜೀಪಿನ ಬ್ಯಾಟರಿಯೊಂದೇ ಮನೆಗೆ ಉಳಿಯುವ ಬಲ. ಯಾವ ರಸ್ತೆ ತೆರೆದಿದೆ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಸುದ್ದಿಯನ್ನು ಆ ಜೀಪಿನ ರೇಡಿಯೋದಿಂದ ಕೇಳಬೇಕು. ದನಗಳನ್ನು ಎತ್ತರಕ್ಕೆ ಹೊಡೆಯಬೇಕೋ ಬೇಡವೋ ಎಂಬ ತೀರ್ಮಾನ ಅದರ ಮೇಲೆ ನಿಂತಿರುತ್ತದೆ. ಆದ್ದರಿಂದ ಆ ಪೆಟ್ಟಿಗೆಯನ್ನು ನಾವು ವಿಲಾಸದ ವಸ್ತುವೆಂದು ಕರೆಯಲಾರೆವು.

ಭಾಷೆಯ ಮಾತೂ ಇದರೊಳಗಿದೆ. ಗಡಿಯ ಹಳ್ಳಿಗಳಲ್ಲಿ ಕೊಲ್ಹಾಪುರ, ಸಾಂಗಲಿಗಳ ಮರಾಠಿ ದನಿ ಸಮೀಪದ್ದು, ಗಟ್ಟಿಯಾದದ್ದು. ಅದು ನೆರೆಯವರ ಸಿಹಿ ಭಾಷೆ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಹಿರಿಯರ ಕಿವಿ ಹಂಬಲಿಸುತ್ತಿದ್ದುದು ಧಾರವಾಡಕ್ಕೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರವನ್ನು ಮಧ್ಯಮ ತರಂಗದ 765 ಕಿಲೋಹರ್ಟ್ಜ್‌ನಲ್ಲಿ ಹುಡುಕುವುದು ಅವರಿಗೆ ಕಣ್ಣುಮುಚ್ಚಿ ಮಾಡುವ ಕೆಲಸವಾಗಿತ್ತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇವರ ಕಂಠದಿಂದ ವಚನಗಳು ಹೊಲಗದ್ದೆಗಳವರೆಗೆ ಮುಟ್ಟಿದ್ದು ಬಹುಮಟ್ಟಿಗೆ ಈ ದಾರಿಯಿಂದಲೇ. ಅಂದಹಾಗೆ ‘ಆಕಾಶವಾಣಿ’ ಎಂಬ ಸುಂದರ ಹೆಸರು ದಿಲ್ಲಿಯಿಂದ ಬಂದದ್ದಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಡೆಸಿದ ಬಾನುಲಿ ಕೇಂದ್ರಕ್ಕಿದ್ದ ಹೆಸರು ಅದು.

ಇನ್ನು ರೋಗನಿದಾನ. ವೈದ್ಯನು ನಾಡಿ ಹಿಡಿಯುವ ಮೊದಲು ರೋಗಿಯ ಮಾತು ಕೇಳುವಂತೆ, ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಅದು ಹೇಗೆ ಕೆಡುತ್ತದೆ ಎಂಬುದನ್ನು ಗಮನಿಸಬೇಕು. ಆ ಕುಟುಂಬದವರು ಪಟ್ಟಣದ ಅಂಗಡಿಯೊಂದಕ್ಕೆ ಎರಡು ಸಲ ಹಣ ತೆತ್ತು ಬಂದಿದ್ದರು. ಎರಡು ಸಲವೂ ‘ಸೆಟ್ ಹೋಗಿದೆ, ಹೊಸದು ಹಾಕಿಸಿ’ ಎಂಬ ಉತ್ತರ. ಸೆಟ್ಟನ್ನು ಒಬ್ಬರೂ ಹೊರಗೆ ತೆಗೆದು ನೋಡಿರಲಿಲ್ಲ. ಇಂಥ ಕಾಯಕಕ್ಕೆ ಕಾಯಕವೆಂಬ ಹೆಸರು ಸಲ್ಲದು. ನಮ್ಮ ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ನಾವೇ ಹೋಗಿ, ಒಂದು ಅಪರಾಹ್ನ ಅವರ ಪಕ್ಕದಲ್ಲಿ ಕುಳಿತು ನೋಡಿದೆವು. ಅಂದು ಕಂಡದ್ದರಲ್ಲಿ ಎಲ್ಲ ಮನೆಗಳಿಗೂ ಉಪಯೋಗವಾಗುವಷ್ಟನ್ನು ಹೇಳುತ್ತೇವೆ.

ಮೊದಲನೆಯದು ಆ ಕಿರುಚಾಟ. ಎಂಜಿನ್ನಿನ ವೇಗ ಏರಿದಂತೆ ಏರುವ, ಇಳಿದಂತೆ ಇಳಿಯುವ ಸಣ್ಣ ಸಿಳ್ಳು ಅದು. ಪೆಟ್ರೋಲ್ ಗಾಡಿಯಾದರೆ ಕಿಡಿಪ್ಲಗ್ಗುಗಳ ಚಟಪಟವೂ ರೇಡಿಯೋದಲ್ಲಿ ಸೇರುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡವಾದ್ದರಿಂದ ಅದರಲ್ಲಿ ಸಂಶಯ ಬ್ಯಾಟರಿ ತುಂಬುವ ಆಲ್ಟರ್ನೇಟರಿನ ಮೇಲೆ ಬೀಳುತ್ತದೆ. ಆದರೆ ಬಹಳ ಸಲ ಆಲ್ಟರ್ನೇಟರು ನಿರಪರಾಧಿ. ತಪ್ಪು ‘ಅರ್ಥ್’ ತಂತಿಯದು. ಜೀಪಿನಂಥ ಗಾಡಿಗಳಲ್ಲಿ ಮೈಗೂಡು ಬೇರೆ, ಅಡಿಗಟ್ಟು ಬೇರೆ. ನಡುವೆ ರಬ್ಬರಿನ ಮೆತ್ತೆಗಳಿರುತ್ತವೆ, ರಬ್ಬರು ವಿದ್ಯುತ್ತನ್ನು ಹಾಯಿಸದು. ಆದ್ದರಿಂದ ಎಂಜಿನ್ನು, ಅಡಿಗಟ್ಟು, ಮೈಗೂಡುಗಳನ್ನು ಹೆಣೆದ ತಾಮ್ರದ ಪಟ್ಟಿಗಳಿಂದ ಜೋಡಿಸಿರುತ್ತಾರೆ. ಕೆಸರಿನಲ್ಲಿ ಓಡಾಡಿದ ಗಾಡಿಯಲ್ಲಿ ಆ ಪಟ್ಟಿಯ ಬೋಲ್ಟು ತುಕ್ಕು ಹಿಡಿಯುತ್ತದೆ, ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಆಗ ವಿದ್ಯುತ್ತು ಮರಳುವ ದಾರಿ ಹುಡುಕುತ್ತ ಸ್ಟೀರಿಯೋದ ತಂತಿಗಳಲ್ಲಿ ನುಗ್ಗುತ್ತದೆ. ಭೋಜದ ಜೀಪಿನಲ್ಲಿ ಆಗಿದ್ದು ಇದೇ. ಬೋಲ್ಟನ್ನು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದೊಡನೆ ಸಿಳ್ಳು ನಿಂತಿತು. ಇದೇ ವೇಳೆಗೆ ಬ್ಯಾಟರಿಯ ಮೇಲೆ ಮೀಟರ್ ಹಿಡಿದು ನೋಡುವುದು ಒಳ್ಳೆಯದು. ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.4 ವೋಲ್ಟ್ ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆಯೆಂದು ತಿಳಿದು, ಅದನ್ನು ಸರಿಪಡಿಸುವವರೆಗೆ ಸ್ಟೀರಿಯೋ ಹಚ್ಚಬಾರದು.

ಎರಡನೆಯದು ತಗ್ಗಿನಲ್ಲಿ ಮೂಕವಾಗುವ ಚಾಳಿ. ಸ್ಪೀಕರಿನ ತಂತಿ ಬಾಗಿಲಿಗೆ ಹೋಗುವಲ್ಲಿ ಕೀಲಿನ ಹತ್ತಿರ ರಬ್ಬರಿನ ಕೊಳವೆಯೊಂದಿರುತ್ತದೆ. ಬಾಗಿಲು ಸಾವಿರಾರು ಸಲ ತೆರೆದು ಮುಚ್ಚಿದಾಗ ತಂತಿ ಅದರೊಳಗೇ ಕಡಿಯುತ್ತದೆ. ಹೊರಗಿನ ಹೊದಿಕೆ ಮಾತ್ರ ಗಟ್ಟಿಯಾಗಿಯೇ ಕಾಣುತ್ತದೆ. ಸ್ಪೀಕರಿನ ಎರಡು ತುದಿಗೆ ಗಡಿಯಾರದ ಬದಿಯ 1.5 ವೋಲ್ಟಿನ ಸಣ್ಣ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿದರೆ ‘ಟಪ್’ ಎಂಬ ಸದ್ದು ಬರಬೇಕು. ಬಂದರೆ ಸ್ಪೀಕರು ಸರಿ, ತಂತಿಯನ್ನೇ ಹುಡುಕಬೇಕು. ಕಡಿದ ತಂತಿಯ ತುದಿ ಬಾಗಿಲಿನ ತಗಡಿಗೆ ತಾಕಿದರೆ ಎಷ್ಟೋ ಸೆಟ್ಟುಗಳು ತಮ್ಮನ್ನು ತಾವೇ ಕಾಪಾಡಿಕೊಳ್ಳಲು ದನಿ ನಿಲ್ಲಿಸುತ್ತವೆ. ಸೆಟ್ ಸತ್ತಿತೆಂದು ಜನ ಭಾವಿಸುವುದು ಇಂಥಲ್ಲಿಯೇ.

ಗಾಡಿ ಬಂದ್ ಮಾಡಿದೊಡನೆ ಕೇಂದ್ರಗಳ ನೆನಪೆಲ್ಲ ಅಳಿಸಿಹೋಗುತ್ತದೆಂಬ ದೂರೂ ಸಾಮಾನ್ಯ. ಬಹುತೇಕ ಸೆಟ್ಟುಗಳಲ್ಲಿ ಹಳದಿ ತಂತಿ ಬ್ಯಾಟರಿಯಿಂದ ಸದಾ ವಿದ್ಯುತ್ತು ತರುತ್ತದೆ, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ತಂತಿ ಅರ್ಥಿನದು. ಹಳದಿಯನ್ನೂ ಕೆಂಪನ್ನೂ ಒಟ್ಟಿಗೆ ಕೀಲಿಯ ತಂತಿಗೆ ಕಟ್ಟಿಬಿಟ್ಟರೆ ನೆನಪು ಉಳಿಯುವುದಿಲ್ಲ. ಎರಡನ್ನೂ ನೇರ ಬ್ಯಾಟರಿಗೆ ಕಟ್ಟಿದರೆ ಬ್ಯಾಟರಿ ಬರಿದಾಗುವ ಭಯ. ಗಾಡಿಯ ಕಡೆಯ ತಂತಿಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಬಣ್ಣವನ್ನು ನಂಬದೆ ಮೀಟರನ್ನೇ ನಂಬಬೇಕು.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ಸ್ಟೀರಿಯೋದ ಫ್ಯೂಜು ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು. ಅದು ಮತ್ತೆ ಮತ್ತೆ ಸುಡುತ್ತಿದ್ದರೆ ಸಿಗರೇಟಿನ ಬೆಳ್ಳಿ ಹಾಳೆಯನ್ನೋ ತಾಮ್ರದ ತಂತಿಯನ್ನೋ ಸುತ್ತಿ ಕೂಡ್ರಿಸುವ ‘ಜಾಣತನ’ ನಮ್ಮ ಹಳ್ಳಿಗಳಲ್ಲಿದೆ. ಎಲ್ಲೋ ತಂತಿ ತಗಡಿಗೆ ತಾಕಿದೆ ಎಂದು ಫ್ಯೂಜು ಸತ್ತು ಹೇಳುತ್ತಿರುತ್ತದೆ; ಅದರ ಬಾಯಿ ಮುಚ್ಚಿಸಿದರೆ ಮುಂದೆ ಸುಡುವುದು ಡ್ಯಾಶ್‌ಬೋರ್ಡಿನ ಹಿಂದಿನ ತಂತಿಗೊಂಚಲು. ಮಕ್ಕಳು ಮರಿಗಳನ್ನು ಕೂಡ್ರಿಸಿಕೊಂಡು ಜಾತ್ರೆಗೆ ಹೋಗುವ ಗಾಡಿ ಅದು.

ಈ ಮನೆಯಲ್ಲಿ ಕಂಡ ಇನ್ನೊಂದು ಸಮಸ್ಯೆ ನಮಗೆ ಬಹಳ ಕುತೂಹಲ ತಂದಿತು. ಅಮೆರಿಕೆಯಲ್ಲಿರುವ ಅವರ ಬಂಧುವೊಬ್ಬರು ಪ್ರೀತಿಯಿಂದ ಒಳ್ಳೆಯ ಸೆಟ್ಟೊಂದನ್ನು ತಂದುಕೊಟ್ಟಿದ್ದರು. ಹಳೆಯದನ್ನು ತೆಗೆದು ಅದನ್ನು ಹಾಕಿಸಿದಾಗ ಬೇರೆ ಎಲ್ಲ ಸರಿ, ಧಾರವಾಡ ಮಾತ್ರ ಸಿಗಲಿಲ್ಲವಂತೆ. ಇದಕ್ಕೆ ಕಾರಣ ಕೇವಲ ಅಂಕಗಣಿತ. ನಮ್ಮ ದೇಶದಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವಣ ಅಂತರ 9 ಕಿಲೋಹರ್ಟ್ಜ್. 9ನ್ನು 85ರಿಂದ ಗುಣಿಸಿದರೆ 765. ಅಮೆರಿಕೆಯಲ್ಲಿ ಆ ಅಂತರ 10. ಅಲ್ಲಿಯ ಸೆಟ್ಟು 760ಕ್ಕೆ ನಿಂತು, ಮುಂದಿನ ಹೆಜ್ಜೆಗೆ 770ಕ್ಕೆ ಹಾರುತ್ತದೆ. 765 ಅದರ ಲೋಕದಲ್ಲಿಯೇ ಇಲ್ಲ! ಅನೇಕ ಸೆಟ್ಟುಗಳ ಒಳಪಟ್ಟಿಯಲ್ಲಿ ‘ಪ್ರದೇಶ’ ಎಂಬ ಆಯ್ಕೆಯಿರುತ್ತದೆ. ಅದನ್ನು ಯುರೋಪಿಗೋ ಏಷ್ಯಾಕ್ಕೋ ಬದಲಿಸಿದರೆ 9ರ ಹೆಜ್ಜೆ ಬರುತ್ತದೆ. ಇವರ ಸೆಟ್ಟಿನಲ್ಲಿಯೂ ಅದು ಇತ್ತು, ಯಾರೂ ನೋಡಿರಲಿಲ್ಲ. ಜಪಾನಿನ ಬಳಸಿದ ಗಾಡಿಗಳಿಂದ ಬರುವ ಸೆಟ್ಟುಗಳಲ್ಲಿ ಇನ್ನೊಂದು ತೊಡಕು. ಅಲ್ಲಿಯ ಎಫ್.ಎಂ. 76 ಮೆಗಾಹರ್ಟ್ಜ್‌ನಿಂದ ಮೊದಲಾಗುತ್ತದೆ, ಹಳೆಯ ಸೆಟ್ಟುಗಳು 90ಕ್ಕೇ ನಿಲ್ಲುತ್ತವೆ. ನಮ್ಮದು 88ರಿಂದ 108. ಅಗ್ಗವೆಂದು ಕೊಂಡವನಿಗೆ ಗೊರ ಗೊರ ಸದ್ದೊಂದೇ ಗತಿ. ಹಾಗೆಯೇ ಇತ್ತೀಚಿನ ಎಷ್ಟೋ ಸೆಟ್ಟುಗಳಲ್ಲಿ ಮಧ್ಯಮ ತರಂಗವೇ ಇರುವುದಿಲ್ಲ.

ಅಮೆರಿಕೆಯ ಸೆಟ್ಟು ಬಂದಾಗ ಹೊರಬಿದ್ದ ಹಳೆಯ ಪೆಟ್ಟಿಗೆ ಅಟ್ಟದ ಮೇಲಿತ್ತು. ಅದರ ಹೊಟ್ಟೆಯಲ್ಲಿ ಕ್ಯಾಸೆಟ್ಟೊಂದು ಸಿಕ್ಕಿಕೊಂಡಿತ್ತು. ಆ ಮನೆಯ ಅಜ್ಜಿ ಶ್ರಾವಣದಲ್ಲಿ ಹಾಡಿದ ವಚನಗಳನ್ನು ಮೊಮ್ಮಗ ಧ್ವನಿಮುದ್ರಿಸಿಕೊಂಡಿದ್ದ ಟೇಪು ಅದು. ಅಜ್ಜಿ ಲಿಂಗೈಕ್ಯರಾಗಿ ಹಲವು ವರ್ಷಗಳಾದವು. ಅವರ ದನಿಯ ಬೇರೆ ಕುರುಹಿಲ್ಲ. ಮನೆಯ ಸೊಸೆ ಮೇಸ್ತ್ರಿಯ ಕೈಗೆ ಪೆಟ್ಟಿಗೆ ಕೊಡುವಾಗ ‘ಪೆಟ್ಟಿಗಿ ಒಡದ್ರೂ ಅಡ್ಡಿಯಿಲ್ಲ, ಟೇಪು ಹರೀಬಾರದು’ ಎಂದಷ್ಟೇ ಅಂದಳು.

ಅಂಥ ಟೇಪನ್ನು ಎಳೆಯಬಾರದು. ಮೇಸ್ತ್ರಿ ಮೇಲಿನ ತಗಡು ಬಿಚ್ಚಿದರು. ಟೇಪನ್ನು ಒತ್ತಿ ನಡೆಸುವ ರಬ್ಬರಿನ ಉರುಳೆ ಧೂಳು, ಸೆಕೆಗಳಿಂದ ಅಂಟಾಗಿ, ಟೇಪು ಅದಕ್ಕೆ ಮೂರ್ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಉರುಳೆಯನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತ ಒಂದೊಂದೇ ಸುತ್ತು ಬಿಡಿಸಿ, ಆರು ಮೂಲೆಯ ಪೆನ್ಸಿಲಿನಿಂದ ಸುರುಳಿಯನ್ನು ಬಿಗಿದರು. ಅರ್ಧ ತಾಸು ಹಿಡಿಯಿತು. ಕ್ಯಾಸೆಟ್ಟಿನ ಚಿಪ್ಪು ಬಿರಿದಿದ್ದರಿಂದ ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿಗಳನ್ನು ವರ್ಗಾಯಿಸಿದರು. ಇಂಥ ಟೇಪನ್ನು ಮತ್ತೆ ಜೀಪಿನಲ್ಲಿ ಹಾಕಕೂಡದು. ತಲೆಯನ್ನು ಸ್ಪಿರಿಟ್ಟಿನಿಂದ ಒರೆಸಿದ ಒಳ್ಳೆಯ ಮನೆಯ ಟೇಪ್‌ರೆಕಾರ್ಡರಿನಲ್ಲಿ ಒಂದೇ ಸಲ ನಡೆಸಿ, ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅವರು ಹಾಗೆಯೇ ಮಾಡಿ ಪ್ರತಿಗಳನ್ನು ಹೆಣ್ಣುಮಕ್ಕಳ ಮನೆಗಳಿಗೂ ಕಳುಹಿಸಿದ್ದಾರೆ. ಒಂದು ವಚನದ ನಡುವೆ ಎರಡು ಮಾತು ಹಾರಿಹೋಗಿವೆ, ಸುಕ್ಕಾದ ಜಾಗ ಅದು. ಉಳಿದದ್ದು ಸ್ವಚ್ಛವಾಗಿದೆ.

ಹೊಳೆಯ ದಂಡೆಯ ಓದುಗರಿಗಾಗಿ ಮತ್ತೆರಡು ಮಾತು. ಗಾಡಿಯೊಳಗೆ ನೀರು ಬಂದಿದ್ದರೆ ಕೀಲಿ ತಿರುಗಿಸಿ ನೋಡುವ ಆತುರ ಬೇಡ. ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಕಾಗದದ ಶಂಕುವಿರುವ ಸ್ಪೀಕರುಗಳು ನೀರು ಕುಡಿದರೆ ಪ್ರಾಯಃ ಉಳಿಯವು. ತಂತಿಯ ಜೋಡಣೆಗಳನ್ನು ಮಾತ್ರ ಬಿಡಿಸಿ, ಮಣ್ಣು ತೊಳೆದು, ಪೂರ್ಣ ಒಣಗಿಸಿದರೆ ಮತ್ತೆ ಬಳಸಬಹುದು. ಕೆಲವು ಸೆಟ್ಟುಗಳು ಬ್ಯಾಟರಿ ಬಿಚ್ಚಿ ಜೋಡಿಸಿದ ಮೇಲೆ ಕಳ್ಳತನ ತಡೆಯುವ ಗುಪ್ತ ಸಂಖ್ಯೆಯನ್ನು ಕೇಳುತ್ತವೆ, ತಪ್ಪು ಸಂಖ್ಯೆ ಒತ್ತುತ್ತ ಹೋದರೆ ಬೀಗ ಹಾಕಿಕೊಳ್ಳುತ್ತವೆ. ಆ ಸಂಖ್ಯೆಯ ಚೀಟಿಯನ್ನು ಗಾಡಿಯಲ್ಲಿಡದೆ ಮನೆಯ ಕಾಗದಪತ್ರಗಳ ಜೊತೆಗಿಡಬೇಕು. ಮಹಾಪೂರದ ರಾತ್ರಿಗಳಲ್ಲಿ ರೇಡಿಯೋ ಸಣ್ಣ ದನಿಯಲ್ಲಿ ಒಂದೆರಡು ಆಂಪಿಯರಿನಷ್ಟೇ ಎಳೆಯುತ್ತದಾದರೂ ಬೆಳಗಿನವರೆಗೆ ಹಚ್ಚಿಟ್ಟರೆ 60 ಆಂಪಿಯರ್–ತಾಸಿನ ಬ್ಯಾಟರಿಯ ಮೂರರಲ್ಲೊಂದು ಪಾಲು ಹೋದೀತು. ಹಳೆಯ ಬ್ಯಾಟರಿಯಾದರೆ ಮುಂಜಾನೆ ಎಂಜಿನ್ ಏಳದು. ವಾರ್ತೆಯ ವೇಳೆಗೆ ಹಚ್ಚಿ, ಕೇಳಿ, ಆರಿಸುವುದೇ ಲೇಸು.

ಕಿತ್ತೊಗೆಯಬೇಕೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಬೇಡ. ತಾಮ್ರದ ಪಟ್ಟಿ, ಒಂದು ಮಾರು ತಂತಿ, ಹೊಸ ಫ್ಯೂಜು, ಇವಿಷ್ಟರಲ್ಲಿ ಅವರ ಕೆಲಸ ಮುಗಿದಿದೆ. ಹೊಸದನ್ನೇ ಕೊಳ್ಳುವವರು ಅಂಗಡಿಯಲ್ಲಿ ಹಣ ಎಣಿಸುವ ಮೊದಲು ಮಧ್ಯಮ ತರಂಗವಿದೆಯೇ, 765 ಬರುತ್ತದೆಯೇ ಎಂದು ತಾವೇ ಗುಂಡಿ ಒತ್ತಿ ನೋಡಿಕೊಳ್ಳಲಿ.