ಕಂಬ ನೆಡೋ ಮೊದಲು ಎರೆ ಮಣ್ಣು ನೋಡ್ರೀ

"ನಾಲ್ಕು ಕಂಬ ಹುಗಿ, ಮ್ಯಾಲ ತಗಡು ಹಾಕು, ಶೆಡ್ ರೆಡಿ." ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾರನ್ನ ಕೇಳಿದ್ರೂ ಇದೇ ಮಾತು. ಪ್ಲಾನು ಗೀನು ಎಲ್ಲಾ ಸಿಟಿ ಮಂದಿಗಂತೆ! ನಾನಂತೂ ಒಪ್ಪಲ್ಲ.

ನಮ್ಮದು ಬಹುಪಾಲು ಎರೆ ಭೂಮಿ ಸ್ವಾಮಿ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತೆ. ಎರಡಡಿ ಗುಂಡಿಯ ಕಂಬವೂ ಅದರ ಜೊತೆ ಏರಿಳಿಯುತ್ತೆ, ಕೆಲವೇ ವರ್ಷಕ್ಕೆ ಸೂರು ಸೊಟ್ಟ. ಕಂಬದ ಬುಡ ಈ ಉಬ್ಬೋ ಪದರ ದಾಟಿ ಗಟ್ಟಿ ಮೊರಂ ಮೇಲೆ ಕೂರಬೇಕು. ತೋಡಿದ ಕರಿ ಮಣ್ಣನ್ನೇ ವಾಪಸ್ ತುಂಬಬಾರದು. ರೂರ್ಕಿಯ ಸಿಬಿಆರ್‌ಐನವರು ತಳ ಅಗಲ ಮಾಡೋ ಅಂಡರ್‌ರೀಮ್ಡ್ ಪೈಲ್ ಬೆಳೆಸಿದ್ದು ಇಂಥ ಮಣ್ಣಿಗಾಗಿಯೇ.

ಇನ್ನು ಅಮೆರಿಕದ 'ಪೋಲ್ ಬಾರ್ನ್' ನಕ್ಷೆ ಇಳಿಸಿಕೊಳ್ಳೋ ನಮ್ಮಂಥ ಇಂಜಿನಿಯರುಗಳು (ಸಿವಿಲ್ ಅಲ್ಲ, ಸಾಫ್ಟ್‌ವೇರು :) ). ಅಲ್ಲಿ ಎಷ್ಟೋ ಕಡೆ ಸೂರಿನ ಲೆಕ್ಕ ಹಿಮದ ಭಾರಕ್ಕೆ. ಜೇವರ್ಗಿಯಲ್ಲಿ ಹಿಮ ಬೀಳುತ್ತಾ? ಇಲ್ಲಿ ತಗಡು ಎತ್ತಿ ಒಗೆಯೋ ಮುಂಗಾರುಪೂರ್ವ ಗಾಳಿಯೇ ವೈರಿ. ಬೋಲ್ಟಿನಲ್ಲಿ ಜುಗ್ಗತನ ಬೇಡ.

ಭೀಮಾ ದಂಡೆಯವರು 2020ರ ಅಕ್ಟೋಬರ್ ನೆರೆ ನೆನಪಿಟ್ಟುಕೊಂಡು, ಆಗ ನೀರು ನಿಂತಿದ್ದಕ್ಕಿಂತ ಮೇಲೆ ನೆಲಗಟ್ಟು ಎತ್ತಲಿ.

ಖರ್ಚು ಜಾಸ್ತಿ ಅಂತೀರಾ? ತೊಗರಿ ರಾಶಿ ಆಗೋದು ಡಿಸೆಂಬರ್, ಜನವರಿಯಲ್ಲಿ. ಎಲ್ಲರೂ ಒಮ್ಮೆಗೇ ಮಾರ್ಕೆಟ್ಟಿಗೆ ಹೊತ್ತರೆ ದರ ನಿಲ್ಲುತ್ತಾ? ಕಾಯೋ ಧೈರ್ಯ ಬರೋದು ಒಣ ಜಾಗ ಇದ್ದವನಿಗೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಬಂತು ಅಂತ ಎಲ್ಲರೂ ಹಿಗ್ಗಿದ್ವಿ. ಅದೇ ತೊಗರಿ ಚೀಲ ಸೋರೋ ತಗಡಿನ ಕೆಳಗೆ!

ಅಂದಹಾಗೆ ನಿಮ್ಮೂರಲ್ಲಿ ಕಂಬ ಎಷ್ಟಡಿ ಹುಗೀತಾರೆ?