ಮೋಟರ್ ಬದಲಾದರೆ ಸಾಲದು, ಪೈಪೂ ಬದಲಾಗಲಿ



ಹಳ್ಳಿಯ ಕುಡಿಯುವ ನೀರಿನ ಪಂಪು ಕೆಟ್ಟಾಗ ನಡೆಯುವ ದುರಸ್ತಿಗೆ ಒಂದು ರೂಢಿ ಬೆಳೆದುಬಿಟ್ಟಿದೆ. ಸುಟ್ಟ ಮೋಟರನ್ನು ರಿವೈಂಡಿಂಗ್‌ಗೆ ಕಳಿಸುವುದು, ಇಲ್ಲವೇ ಹೆಚ್ಚು ಎಚ್‌ಪಿಯ ಹೊಸದನ್ನು ತಂದು ಹಳೆಯ ಪೈಪಿಗೇ ಜೋಡಿಸುವುದು. ನಲ್ಲಿಯಲ್ಲಿ ನೀರು ಕಂಡರೆ ಕೆಲಸ ಮುಗಿದಂತೆ. ಪೈಪು, ವಾಲ್ವು, ಬೆಂಡುಗಳ ಮಾತು ಎಸ್ಟಿಮೇಟಿನಲ್ಲಿ ಬರುವುದೇ ಅಪರೂಪ. ಈ ರೂಢಿ ತಪ್ಪು. ಇದರಿಂದ ಸಾರ್ವಜನಿಕ ಹಣವೂ ವಿದ್ಯುತ್ತೂ ಪೋಲಾಗುತ್ತವೆ, ಹೊಸ ಮೋಟರೂ ಬೇಗ ಸುಡುತ್ತದೆ.

ಬಳ್ಳಾರಿ ಗಡಿಗೆ ಅಂಟಿಕೊಂಡಿರುವ ಆಂಧ್ರದ ಡಿ. ಹಿರೇಹಾಳು ಮಂಡಲದ ಓಬಳಾಪುರದ ಹೆಸರು ಕಬ್ಬಿಣದ ಅದಿರಿನಿಂದ ದೇಶಕ್ಕೆಲ್ಲ ಗೊತ್ತು. ಆದರೆ ಸುತ್ತಲಿನ ಸೀಮೆಯ ನಿಜವಾದ ಚಿಂತೆ ನೀರು. ಇಲ್ಲಿನ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿ.ಮೀ. ಮಾತ್ರ. 1990ರ ದಶಕದಲ್ಲಿ ಶ್ರೀಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಅಂದಿನ ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳನ್ನು ಮುಟ್ಟಿತು. 2019ರಲ್ಲಿ ಬಂದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟುಕೊಂಡಿತು. ನೀರು ಊರಿನ ಬೋರಿನದಾಗಲಿ, ದೂರದ ಯೋಜನೆಯದಾಗಲಿ, ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರಬೇಕಾದ ಕಡೆಯೆಲ್ಲ ಕೊನೆಯ ಹೊರೆ ಬೀಳುವುದು ಊರಿನ ಪಂಪಿನ ಮೇಲೆ.

ಪಂಪು ಎರಡು ಭಾರಗಳನ್ನು ಹೊರುತ್ತದೆ. ಮೊದಲನೆಯದು ನೀರು ಏರಬೇಕಾದ ಎತ್ತರ, ಅದನ್ನು ಬದಲಿಸಲಾಗದು. ಎರಡನೆಯದು ಪೈಪಿನೊಳಗಿನ ತಿಕ್ಕಾಟ. ಅದು ಪೂರ್ತಿ ಮನುಷ್ಯರ ಕೈಯಲ್ಲಿದೆ. 2,000 ಜನರ ಊರಿಗೆ ತಲೆಗೆ 55 ಲೀಟರಿನಂತೆ ದಿನಕ್ಕೆ 1,10,000 ಲೀಟರ್ ನೀರು ಬೇಕು. ಪಂಪು ದಿನಕ್ಕೆ 8 ಗಂಟೆ ಓಡಿದರೆ ಸೆಕೆಂಡಿಗೆ ಸುಮಾರು 3.8 ಲೀಟರ್ ಹರಿಯಬೇಕು. 80 ಮಿ.ಮೀ. ಒಳವ್ಯಾಸದ ಹೊಸ ಪ್ಲಾಸ್ಟಿಕ್ ಪೈಪಿನಲ್ಲಿ ಇಷ್ಟು ನೀರು ಒಂದು ಕಿಲೋಮೀಟರ್ ಸಾಗಲು 8 ಮೀಟರ್ ಎತ್ತರಕ್ಕೆ ಸಮನಾದ ಒತ್ತಡ ಖರ್ಚಾಗುತ್ತದೆ. ಅದೇ ನೀರನ್ನು 50 ಮಿ.ಮೀ. ಪೈಪಿನಲ್ಲಿ ತಳ್ಳಿದರೆ ಖರ್ಚು 80 ಮೀಟರ್ ದಾಟುತ್ತದೆ. ಒಳಗೆಲ್ಲ ತುಕ್ಕು ಹಿಡಿದ ಹಳೆಯ ಜಿಐ ಪೈಪಾದರೆ ಅದೇ ಅಳತೆಯ ಹೊಸ ಪೈಪಿಗಿಂತ ಎರಡು ಮೂರು ಪಟ್ಟು ತಿಕ್ಕಾಟ.

ಸಂಪಿನಿಂದ ಟ್ಯಾಂಕಿಗೆ 30 ಮೀಟರ್ ಎತ್ತರ, ಒಂದು ಕಿಲೋಮೀಟರ್ ದೂರ, ಪಂಪು ಮೋಟರ್ ಸೇರಿ ಅರ್ಧದಷ್ಟು ದಕ್ಷತೆ ಎಂದಿಟ್ಟುಕೊಂಡರೆ, ಅಗಲ ಪೈಪಿಗೆ ಸುಮಾರು 4 ಎಚ್‌ಪಿ ಸಾಕು. ಕಿರಿದಾದ ಪೈಪಿಗೆ 11 ಎಚ್‌ಪಿ ಬೇಕು. ಕೆಲಸ ಒಂದೇ, ನೀರೂ ಅಷ್ಟೇ. ದಿನಕ್ಕೆ 40 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬರೀ ತಿಕ್ಕಾಟಕ್ಕೆ ಹೋಗುತ್ತದೆ. ಪೈಪು ಬದಲಿಸದೆ ನೀರನ್ನು ದುಪ್ಪಟ್ಟು ಮಾಡಹೊರಟರೆ ತಿಕ್ಕಾಟ ಮೂರೂವರೆ ಪಟ್ಟಾಗುತ್ತದೆ. ಎಚ್‌ಪಿ ಏರಿಸಿದರೂ ನೀರು ಏರುವುದಿಲ್ಲ ಎಂಬ ದೂರಿಗೆ ಕಾರಣ ಇಲ್ಲಿದೆ.

ಸಕ್ಷನ್ ಕಡೆಯ, ಅಂದರೆ ಪಂಪಿಗೆ ನೀರು ಬರುವ ಕಡೆಯ ತಪ್ಪುಗಳು ಇನ್ನೂ ದುಬಾರಿ. ಸಂಪಿನ ಮೇಲೆ ಕೂತ ಪಂಪು ನೀರನ್ನು ಎಳೆಯುವುದಲ್ಲ, ಹೊರಗಿನ ಗಾಳಿಯ ಒತ್ತಡವೇ ನೀರನ್ನು ಪಂಪಿನ ಬಾಯಿಗೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ 10.3 ಮೀಟರ್ ನೀರಿಗೆ ಸಮ. ಈ ಭಾಗದ ರಾಯದುರ್ಗ ಸೀಮೆಯ ಎತ್ತರದಲ್ಲಿ ಅದು 10 ಮೀಟರಿಗಿಂತ ಕೆಳಗಿಳಿಯುತ್ತದೆ, ಬೇಸಿಗೆಯ ಬಿಸಿನೀರಿನಲ್ಲಿ ಮತ್ತಷ್ಟು ತಗ್ಗುತ್ತದೆ. ಹೀಗಾಗಿ ಆರು ಮೀಟರಿಗಿಂತ ಆಳದಿಂದ ಎತ್ತುವ ಆಸೆ ಇಟ್ಟುಕೊಳ್ಳದಿರುವುದು ಲೇಸು. ಸಕ್ಷನ್ ಪೈಪು ಕಿರಿದಾಗಿದ್ದರೆ, ಪಂಪಿನ ಬಾಯಿಗೇ ಎಲ್ಬೋ ಕೂರಿಸಿದ್ದರೆ, ಫುಟ್‌ವಾಲ್ವ್ ಕಸ ಕಟ್ಟಿದ್ದರೆ, ಪಂಪಿನೊಳಗೆ ನೀರು ಗುಳ್ಳೆಗಟ್ಟಿ ಒಡೆದು ಇಂಪೆಲ್ಲರನ್ನು ತಿನ್ನುತ್ತದೆ. ಜಾಯಿಂಟ್ ಸಡಿಲವಾದರೆ ಪಂಪು ಏರ್ ಹಿಡಿಯುತ್ತದೆ, ನೀರಿಲ್ಲದೆ ಓಡಿ ಸೀಲು ಸುಡುತ್ತದೆ. ಇಲ್ಲಿ ಎಚ್‌ಪಿ ಹೆಚ್ಚಿಸಿದರೆ ಗುಳ್ಳೆಯೂ ಹೆಚ್ಚು, ಸವೆತವೂ ಹೆಚ್ಚು.

ಮೋಟರ್ ಸುಡುವುದಕ್ಕೆ ವಿದ್ಯುತ್ತಿನ ಕಾರಣಗಳೂ ಇವೆ. ಮೂರರಲ್ಲಿ ಒಂದು ಫೇಸ್ ಹೋದಾಗ ಅಥವಾ ವೋಲ್ಟೇಜ್ ಇಳಿದಾಗ ಕರೆಂಟ್ ಏರುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಆಗ ಪಂಪನ್ನು ನಿಲ್ಲಿಸಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ರಿಲೇಯನ್ನೇ ತಪ್ಪಿಸಿ ತಂತಿ ಕೊಟ್ಟರೆ ವೈಂಡಿಂಗ್ ಉಳಿಯುವುದಿಲ್ಲ.

ಸರಿಯಾದ ಬದಲಾವಣೆಗೆ ಒಂದು ಕ್ರಮವಿದೆ. ಮೊದಲು ಎತ್ತರ, ದೂರ ಮತ್ತು ಬೇಕಾದ ನೀರನ್ನು ಅಳೆದು ಪಂಪನ್ನು ಆರಿಸಬೇಕು. ಸಕ್ಷನ್ ಪೈಪು ಡೆಲಿವರಿಗಿಂತ ಒಂದು ಅಳತೆ ದೊಡ್ಡದಿರಬೇಕು, ಪಂಪಿನ ಬಾಯಿಯ ಮುಂದೆ ಒಂದಿಷ್ಟು ದೂರ ನೇರವಾಗಿರಬೇಕು. ಡೆಲಿವರಿಯಲ್ಲಿ ನಾನ್‌ರಿಟರ್ನ್ ವಾಲ್ವ್, ಅದರ ಮುಂದೆ ಗೇಟ್‌ವಾಲ್ವ್, ಒಂದು ಪ್ರೆಷರ್ ಗೇಜ್ ಬೇಕು. ಎರಡೂ ಕಡೆ ಯೂನಿಯನ್ ಅಥವಾ ಫ್ಲೇಂಜ್ ಇಟ್ಟರೆ ಮುಂದಿನ ಸಲ ಪೈಪು ಕತ್ತರಿಸುವ ಪ್ರಸಂಗ ಬಾರದು. ಕೊನೆಗೆ ಹೊಸ ಲೈನಿಗೆ ಒತ್ತಡ ಹಾಕಿ ಸೋರಿಕೆ ನೋಡಿ, ಬ್ಲೀಚಿಂಗ್ ನೀರಿನಿಂದ ತೊಳೆದ ಮೇಲಷ್ಟೇ ಊರಿಗೆ ನೀರು ಬಿಡಬೇಕು.

ಇಷ್ಟಕ್ಕೆಲ್ಲ ಹಣವೆಲ್ಲಿ, ನೀರಿಲ್ಲದ ಜನ ಕಾಯುವರೇ ಎಂಬುದು ಸಾಮಾನ್ಯ ಆಕ್ಷೇಪ. ಒಂದು ಸ್ಪೇರ್ ಪಂಪು ಇದ್ದರೆ ತುರ್ತು ನೀಗುತ್ತದೆ. ಪೈಪಿನ ಕೆಲಸವನ್ನು ಬೇಸಿಗೆಗೆ ಮುಂಚೆ ಮುಗಿಸಬಹುದು. ಹಣದ ದಾರಿಯೂ ಇತ್ತು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 30 ಭಾಗ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ ಮೀಸಲಾಗಿತ್ತು. 2019ರ ಅಕ್ಟೋಬರಿನಿಂದ ಆಂಧ್ರದ ಗ್ರಾಮ ಸಚಿವಾಲಯಗಳಲ್ಲಿ ಎಂಜಿನಿಯರಿಂಗ್ ಸಹಾಯಕರ ಹುದ್ದೆಯೂ ಇದೆ. ಮೇಲಿನ ಲೆಕ್ಕ ಅವರಿಗೆ ಹೊಸದಲ್ಲ. ಅಮೆರಿಕದಲ್ಲಿ ಮನೆಯ ಈಜುಕೊಳದ ಪಂಪಿಗೂ 2021ರ ಜುಲೈನಿಂದ ದಕ್ಷತೆಯ ಕಾನೂನು ಬಂದಿದೆ. ಕುಡಿಯುವ ನೀರಿನ ಪಂಪಿಗೆ ಅಷ್ಟಾದರೂ ಕಾಳಜಿ ಸಲ್ಲಬೇಕು.

2022ರ ಏಪ್ರಿಲಿನಲ್ಲಿ ಹಳೆಯ ಜಿಲ್ಲೆ ಇಬ್ಭಾಗವಾದಾಗ ಗಡಿಯ ಮಡಕಶಿರ ಶ್ರೀಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಪಂಪಿನ ಪಾಡು ಎರಡೂ ಕಡೆ ಒಂದೇ ಆದ್ದರಿಂದ ನಿಯಮವೂ ಒಂದೇ ಆಗಲಿ. ಪಂಪು ಬದಲಿಸುವ ಪ್ರತಿ ಎಸ್ಟಿಮೇಟಿನಲ್ಲಿ ಎಚ್‌ಪಿಯ ಜೊತೆಗೆ ಎತ್ತರ, ಹರಿವು, ಪೈಪಿನ ವ್ಯಾಸ ಮತ್ತು ವಯಸ್ಸು ನಮೂದಾಗಲಿ. ಕೆಲಸ ಮುಗಿದ ದಿನ ಗೇಜಿನ ಅಂಕಿ, ಕರೆಂಟಿನ ಅಂಕಿ ಮತ್ತು ಟ್ಯಾಂಕು ತುಂಬಲು ಹಿಡಿದ ಸಮಯವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ. ಈ ಅಂಕಿಗಳಿಲ್ಲದ ಬಿಲ್ಲಿಗೆ ಹಣ ಬಿಡುಗಡೆ ಮಾಡದಂತೆ ಎರಡೂ ಜಿಲ್ಲೆಗಳ ಆಡಳಿತ ಆದೇಶ ಹೊರಡಿಸಬೇಕು.

— ಓದುಗರು, ಓಬಳಾಪುರ